ಮೂವತ್ತೊಂಬತ್ತು ಕಿಲೊ ಹೆಚ್ಚಿಗೆ ತೂಗಿದ ಕೆಂಪು ಕಾರು

ಸಾನ್ ಫಿರ್ಮಿನೊ ಊರಿನ ಚೌಕದಲ್ಲಿ, ಇಗರ್ಜಿಯ ಎಡಗಡೆ, ನೆಲದೊಳಗೆ ಹೂತ ಒಂದು ದೊಡ್ಡ ಕಬ್ಬಿಣದ ಹಲಗೆ. ಪಕ್ಕದಲ್ಲಿ ಕೋಳಿಗೂಡಿಗಿಂತ ದೊಡ್ಡದು, ಅಡುಗೆಮನೆಗಿಂತ ಚಿಕ್ಕದು ಎನ್ನಬಹುದಾದ ಒಂದು ಕೋಣೆ. ಅದರಲ್ಲಿ ಇಪ್ಪತ್ತೇಳು ವರ್ಷದಿಂದ ಕೂತವನು ಜೆಲಿಂದೊ. ಅವನು ಊರ ತಕ್ಕಡಿಯ ತೂಕದವನು. ದ್ರಾಕ್ಷಿಯ ಗಾಡಿ, ಹಂದಿಯ ಲಾರಿ, ಹುಲ್ಲಿನ ಟ್ರ್ಯಾಕ್ಟರ್, ಏನೇ ಬರಲಿ, ಹಲಗೆಯ ಮೇಲೆ ನಿಲ್ಲಬೇಕು. ಅವನು ಒಳಗೆ ಕೂತು ಹಿತ್ತಾಳೆಯ ಗುಂಡನ್ನು ಸರಿಸಿ, ದಂಡ ನೆಟ್ಟಗಾದ ಮೇಲೆ ಚೀಟಿಗೆ ಮುದ್ರೆ ಒತ್ತಬೇಕು. ಮುದ್ರೆ ಬಿದ್ದ ಮೇಲೆ ಪಾದ್ರಿಯೂ ಎದುರಾಡುತ್ತಿರಲಿಲ್ಲ.

ಜೆಲಿಂದೊನ ಸ್ವಂತ ತೂಕ ಐವತ್ತೆರಡು ಕಿಲೊ, ಬೂಟು ಸೇರಿ. ಆದ್ದರಿಂದ ಊರವರು ಅವನಿಗೆ ಇಟ್ಟ ಹೆಸರು ಕ್ವಿಂಟಾಲ್.

ಅವನ ಅಪ್ಪ ಚೀಸಿನ ಗೋದಾಮಿನಲ್ಲಿ ಸುತ್ತಿಗೆಯವನಾಗಿದ್ದ. ಬಂಡಿಗಾಲಿಯಂಥ ಚೀಸುಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಗಟ್ಟಿಯೋ ಟೊಳ್ಳೋ ಹೇಳುವ ಕೆಲಸ. ಮಗನಿಗೂ ಅದೇ ಕಿವಿ ಬಂದಿತ್ತು. ಆದರೆ ಗೋದಾಮಿನ ಗಾಳಿಗೆ ಅವನಿಗೆ ಸೀನು ಬರುತ್ತಿತ್ತು. ಒಂದು ಸೀನಿಗೆ ಮೂರನೆಯ ಅಟ್ಟದಿಂದ ಏಳು ಚೀಸಿನ ಗಾಲಿ ಉರುಳಿ, ಬಾಗಿಲು ದಾಟಿ, ಸೇತುವೆಯವರೆಗೆ ಹೋದವಂತೆ. ಅಂದೇ ಅವನನ್ನು ಕರೆತಂದು ತಕ್ಕಡಿಯ ಕೋಣೆಯಲ್ಲಿ ಕೂರಿಸಿದರು. ಅಪ್ಪ ಸತ್ತಾಗ ಸುತ್ತಿಗೆ ಅವನ ಪಾಲಿಗೆ ಬಂತು. ಅದನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದ.

ತಕ್ಕಡಿ ಎಷ್ಟು ಸೂಕ್ಷ್ಮವೆಂದರೆ, ನವೆಂಬರ್ ತಿಂಗಳಲ್ಲಿ ಬಯಲಿನ ಮಂಜು ಇಳಿದಾಗ ಖಾಲಿ ಹಲಗೆಯೇ ನಾಲ್ಕು ಕಿಲೊ ತೋರಿಸುತ್ತಿತ್ತು. ಜೆಲಿಂದೊ ಮಂಜನ್ನು ಕಳೆದು ಚೀಟಿ ಬರೆಯುತ್ತಿದ್ದ. ಪಾಪ ಒಪ್ಪಿಕೊಂಡು ಇಗರ್ಜಿಯಿಂದ ಹೊರಬಂದ ಮುದುಕಿಯರು ಹಲಗೆ ದಾಟುವಾಗ ಒಳಗೆ ಹೋಗುವಾಗ ತೂಗಿದ್ದಕ್ಕಿಂತ ಅರ್ಧ ಕಿಲೊ ಕಮ್ಮಿ ತೂಗುತ್ತಿದ್ದರು ಎಂದೂ ಹೇಳುತ್ತಿದ್ದ. ಯಾರು ಕಮ್ಮಿ ತೂಗಲಿಲ್ಲ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಅದಕ್ಕೇ ಅವನಿಗೆ ಅಷ್ಟು ಮರ್ಯಾದೆ.

ಆ ಸೀಮೆಯಲ್ಲಿ ಗಂಡಸರು ಮಾತು ಕಲಿಯುವುದೇ ಎಂಜಿನ್ನಿನ ಬಗ್ಗೆ ಜಗಳವಾಡಲಿಕ್ಕೆ. ಇವೋನೆಯ ಬಾರಿನಲ್ಲಿ ಇಸ್ಪೀಟು, ನೊರೆಯ ಕೆಂಪು ವೈನು, ಹಂದಿಕೊಬ್ಬಿನಲ್ಲಿ ಕರಿದ ಞೊಕ್ಕೊ ಎಂಬ ಹಿಟ್ಟಿನ ತಿಂಡಿ. ಇವುಗಳ ನಡುವೆ ಒಂದೇ ಪ್ರಶ್ನೆ: ಯಾವುದು ಎಲ್ಲಕ್ಕಿಂತ ಜೋರು? ಒಬ್ಬ ಬೊಲೊನ್ಯದ ರೈಲು ಎನ್ನುವನು, ಇನ್ನೊಬ್ಬ ಓಟದ ದೋಣಿ ಎನ್ನುವನು. ಜೆಲಿಂದೊ ಮಾತ್ರ ವೇಗದ ಮಾತೇ ಆಡುತ್ತಿರಲಿಲ್ಲ. ಅವನ ತಕ್ಕಡಿಯೇ ಬೇರೆ.

"ಎಂಜಿನ್ನಿಗೆ ಎಷ್ಟು ಕುದುರೆಯ ಶಕ್ತಿ ಅಂತ ಕೇಳ್ಬೇಡಿ ಕಣ್ರಯ್ಯಾ," ಎನ್ನುತ್ತಿದ್ದ. "ಒಂದೊಂದು ಕುದುರೆ ಎಷ್ಟು ಕಿಲೊ ಹೊತ್ಕೊಂಡು ಓಡ್ತಿದೆ ಅಂತ ಕೇಳಿ. ಹುಲ್ಲಿನ ಟ್ರ್ಯಾಕ್ಟರಲ್ಲಿ ತಲೆಗೆ ಎಪ್ಪತ್ತು ಕಿಲೊ. ಪಾಪ, ಅದು ಕುದುರೆಯಲ್ಲ, ಹಮಾಲಿ. ಆಸ್ಪತ್ರೆ ಗಾಡಿ ಇಪ್ಪತ್ತೈದು. ಹೆಣದ ಗಾಡಿ ಮೂವತ್ತು. ಆದ್ರೆ ಅದಕ್ಕೆ ಅವಸರವಿಲ್ಲ, ಎಲ್ರೂ ಹೇಗೂ ಅದರ ಹತ್ರಾನೇ ಬರ್ತೀವಿ."

ಊರ ಕ್ಷೌರಿಕ ಲೆಯಾರ್ಕೊನ ಓಟದ ಬೈಕಿಗೆ ನಲವತ್ತೆರಡು ಕುದುರೆ. ಬೈಕು, ಅದರ ಮೇಲೆ ಲೆಯಾರ್ಕೊ, ಅವನ ಹೊಟ್ಟೆ, ಎಲ್ಲ ಸೇರಿ ಇನ್ನೂರೈವತ್ತೆರಡು ಕಿಲೊ. ಅಂದರೆ ಕುದುರೆಗೆ ಆರು ಕಿಲೊ. ಅದಕ್ಕಿಂತ ಹಗುರವಾದ ಹೊರೆ ಜೆಲಿಂದೊ ಕಂಡದ್ದು ಒಂದೇ ಒಂದು ವಾಹನದಲ್ಲಿ: ಎರ್ಮೆತೆ ಮೇಸ್ತ್ರಿ ತನ್ನ ಕಾರ್ಖಾನೆಯಲ್ಲಿ ಎರಡು ವರ್ಷ ತಟ್ಟಿ ಬಡಿದು ಮಾಡಿದ ಕೆಂಪು ಕಾರಿನಲ್ಲಿ. ಇನ್ನೂರೆಂಬತ್ತು ಕುದುರೆ, ಮೇಸ್ತ್ರಿಯ ಕಾಗದದ ಪ್ರಕಾರ ತೂಕ ಎಂಟುನೂರ ನಲವತ್ತು. ಕುದುರೆಗೆ ಮೂರೇ ಕಿಲೊ.

"ಮೂರು ಕಿಲೊ!" ಎಂದು ಜೆಲಿಂದೊ ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ಬೆನ್ನ ಮೇಲೆ ಏನೋ ಇದೆ ಅನ್ನೋದೇ ಆ ಕುದುರೆಗೆ ಗೊತ್ತಾಗಲ್ಲ. ನೊಣ ಕೂತಿದೆ ಅಂತ ತಿಳ್ಕೊಂಡು ಓಡುತ್ತೆ."

ಆ ಕಾರು ಚೌಕದಲ್ಲಿ ಹಾದು ಹೋದರೆ ಇವೋನೆಯ ಗಾಜಿನ ಲೋಟಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತಿದ್ದವು. ಅದರ ಬೆನ್ನಿನ ಬಾಗು ನೋಡಿ ಪಾದ್ರಿ ಒಮ್ಮೆ ಶಿಲುಬೆಯ ಗುರುತು ಮಾಡಿಕೊಂಡು, ಯಾಕೆ ಮಾಡಿಕೊಂಡೆ ಎಂದು ತಾನೇ ಗಾಬರಿಯಾದ.

ಇಂಥ ಕಾರು ಏಪ್ರಿಲ್ ತಿಂಗಳ ಒಂದು ಭಾನುವಾರ ಪಂದ್ಯದಲ್ಲಿ ಲೆಯಾರ್ಕೊನ ಬೈಕಿಗೆ ಸೋತಿತು. ಹೊಳೆಯ ಸೇತುವೆಯಿಂದ ಗುಡ್ಡದ ಮೇಲಿನ ಸಂತ ರೊಕ್ಕೊನ ಗುಡಿಯವರೆಗೆ ಹದಿನಾಲ್ಕು ತಿರುವು. ಕ್ಷೌರಿಕ ಮೊದಲು ಮುಟ್ಟಿದ. ಮೇಸ್ತ್ರಿ ಬರುವಷ್ಟರಲ್ಲಿ ಒಬ್ಬನ ಅರ್ಧ ಗಡ್ಡ ಕೆರೆದು ಮುಗಿಸಿದ್ದನಂತೆ. ಪ್ರತಿ ತಿರುವಿನಲ್ಲೂ ಕಾರಿನ ಬಾಲ ಹೊರಗೆ ಎಗರುತ್ತಿತ್ತು. ಮೇಸ್ತ್ರಿ ಹಿಂದಿನ ಅಚ್ಚು, ಸ್ಪ್ರಿಂಗು ಎಲ್ಲ ಎರಡು ಸಲ ಬಿಚ್ಚಿ ಕಟ್ಟಿದ. ಬಾಲ ಮತ್ತೆ ಎಗರಿತು.

ಬಾರಿನಲ್ಲಿ ಕ್ಷೌರಿಕನಿಗೆ ಹಬ್ಬ. "ಮೇಸ್ತ್ರಿ, ನಿಮ್ಮ ಕುದುರೆಗಳಿಗೆ ಲಾಳ ಹೊಡೆಸಿದ್ರಾ? ಇಲ್ಲಾಂದ್ರೆ ನನ್ನ ಅಂಗಡಿಗೆ ಕರ್ಕೊಂಡು ಬನ್ನಿ, ಜೂಲಾದ್ರೂ ಕತ್ತರಿಸ್ತೀನಿ."

ಮೂಲೆಯಿಂದ ಜೆಲಿಂದೊ ಮೆಲ್ಲಗೆ ಹೇಳಿದ: "ಮೇಸ್ತ್ರಿ, ಕುದುರೆಗಳಲ್ಲಿ ತಪ್ಪಿಲ್ಲ. ನಿಮ್ಮ ಕಾರು ಎಂಟುನೂರ ನಲವತ್ತು ಇಲ್ಲ. ಚೌಕದಲ್ಲಿ ಹೋಗೋವಾಗ ನೋಡಿದೆ. ಅದರ ಹಿಂದಿನ ಗಾಲಿ ಬಸುರಿ ಹೆಜ್ಜೆ ಇಡ್ತಿದೆ."

ಮೇಸ್ತ್ರಿ ಲೋಟ ಕೆಳಗಿಟ್ಟ.

"ಏನಂದೆ ಕ್ವಿಂಟಾಲ್? ಒಂದೊಂದು ತಿರುಪು ಕೂಡ ನಾನು ಕೈಯಾರೆ ತೂಗಿ ಹಾಕಿದೀನಿ. ನಿನ್ನ ತಕ್ಕಡಿ ನಮ್ಮಜ್ಜನ ಕಾಲದ್ದು, ನೀನೂ ಹಂಗೇ. ಪುರಸಭೆಯಲ್ಲಿ ಅದನ್ನ ಕಿತ್ತು ಕಾರು ನಿಲ್ಸೋ ಜಾಗ ಮಾಡಬೇಕು ಅಂತ ಒಂದು ವರ್ಷದಿಂದ ಮಾತಿದೆ. ನಾನೇ ಬೇಡ ಅಂತ ತಡೀತಾ ಇದ್ದೆ. ಶನಿವಾರ ಕಾರು ತರ್ತೀನಿ, ಎಲ್ಲರ ಮುಂದೆ ತೂಗು. ಎಂಟುನೂರ ನಲವತ್ತಕ್ಕಿಂತ ಒಂದು ಕಿಲೊ ಹೆಚ್ಚು ತೋರಿಸ್ತೋ, ಸೋಮವಾರದ ಸಭೆಯಲ್ಲಿ ನಾನೇ ಕೈ ಎತ್ತಿ ಅದನ್ನ ಕೀಳಿಸ್ತೀನಿ."

"ತೋರಿಸ್ತದೆ ಮೇಸ್ತ್ರಿ," ಎಂದ ಜೆಲಿಂದೊ.

ಇವೋನೆ ಅವನ ತಲೆಯ ಮೇಲೆ ಒರೆಸುವ ಬಟ್ಟೆಯಿಂದ ಹೊಡೆದಳು. "ಬಾಯಿ ಮುಚ್ಚೋ ದರಿದ್ರದವನೇ! ಆ ಹಲಗೆ ಹೋದ್ರೆ ನೀನು ಎಲ್ಲಿ ಕೂರ್ತೀಯ? ಒಂದು ಕಿಲೊ ಆಚೆ ಈಚೆ ಸರಿಸಿ ಎಂಟುನೂರ ನಲವತ್ತು ಅಂತ ಬರೆದುಬಿಡು. ಯಾರ ಗಂಟು ಹೋಗುತ್ತೆ?"

"ಒಂದು ಸಲ ಸರಿಸಿದ್ರೆ ಇಪ್ಪತ್ತೇಳು ವರ್ಷದ ದ್ರಾಕ್ಷಿ ಎಲ್ಲ ವಾಪಸ್ ಬಂದು ತೂಗು ಅನ್ನುತ್ತೆ, ಇವೋನೆ."

ಆ ವಾರ ಅವನು ತಕ್ಕಡಿಯನ್ನು ತೊಳೆದಷ್ಟು ತಾಯಿ ಮಗುವನ್ನೂ ತೊಳೆದಿರಲಾರಳು. ಹಲಗೆಯ ಸಂದಿನಿಂದ ಹುಲ್ಲುಕಡ್ಡಿ, ದ್ರಾಕ್ಷಿಬೀಜ, ಒಂದು ಮದುವೆಯ ಉಂಗುರ, ಹಿಂದಿನ ಯುದ್ಧದ ಸಿಪಾಯಿಯೊಬ್ಬನ ಅಂಗಿಗುಂಡಿಯನ್ನು ಹೆಕ್ಕಿದ. ಕೆಲಸ ಮುಗಿದ ಮೇಲೂ ಕೋಣೆಯಲ್ಲೇ ಕೂತು ಹಿತ್ತಾಳೆಯ ಗುಂಡನ್ನು ಅಂಗಿಯ ತುದಿಯಿಂದ ಉಜ್ಜುತ್ತಿದ್ದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ; ಬೇರೆ ಮನೆಯೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಊರಿಗೆ ಊರೇ ಚೌಕದಲ್ಲಿ. ಇಗರ್ಜಿಯ ಗೋಪುರದ ಪಾರಿವಾಳಗಳೂ ಒಂದು ಬದಿಗೆ ಸರಿದು ಕೂತವು. ಕೆಂಪು ಕಾರು ಬಂತು, ಹಲಗೆಯ ಮೇಲೆ ನಿಂತಿತು, ಮೇಸ್ತ್ರಿ ಇಳಿದ. ಜೆಲಿಂದೊ ಗುಂಡು ಸರಿಸಿದ. ದಂಡ ತೂಗಾಡಿ, ಯೋಚಿಸಿ, ನೆಟ್ಟಗೆ ನಿಂತಿತು.

"ಎಂಟುನೂರ ಎಪ್ಪತ್ತೊಂಬತ್ತು."

ಹೋ ಎಂದು ಜನ. ಮೇಸ್ತ್ರಿಯ ಮುಖ ಕಾರಿಗಿಂತ ಕೆಂಪಾಯಿತು. "ಮೂವತ್ತೊಂಬತ್ತು ಕಿಲೊ ಹೆಚ್ಚು! ನೋಡಿದ್ರಾ? ಒಂದಲ್ಲ ಎರಡಲ್ಲ! ಇದು ತಕ್ಕಡಿನೋ ಜ್ಯೋತಿಷಿನೋ? ಮುಗೀತು, ಸೋಮವಾರ ಇದನ್ನ ಕೀಳಿಸ್ತೀನಿ!"

"ಕೀಳ್ಸಿ ಮೇಸ್ತ್ರಿ," ಎಂದ ಜೆಲಿಂದೊ. "ಅದಕ್ಕೆ ಮೊದಲು ಒಂದು ಉಪಕಾರ. ಮುಂದಿನ ಗಾಲಿ ಮಾತ್ರ ಹಲಗೆ ಮೇಲೆ ಇಡಿ. ನಿಮ್ಮ ಕಾಗದದಲ್ಲಿ ಮುಂದಕ್ಕೆ ಎಷ್ಟಿದೆ?"

"ನಾನೂರ ಮೂವತ್ತು. ಹಿಂದಕ್ಕೆ ನಾನೂರ ಹತ್ತು."

ಮುಂದಿನ ಗಾಲಿ ಇಟ್ಟರು. ದಂಡ ನಿಂತಿತು. ನಾನೂರ ಮೂವತ್ತು, ಕೂದಲಷ್ಟೂ ಆಚೆ ಈಚೆ ಇಲ್ಲ. ಹಿಂದಿನ ಗಾಲಿ ಇಟ್ಟರು. ನಾನೂರ ನಲವತ್ತೊಂಬತ್ತು.

ಜೆಲಿಂದೊ ಕೋಣೆಯಿಂದ ಹೊರಬಂದ. "ನನ್ನ ತಕ್ಕಡಿ ಮುದುಕಿಯೇ ಇರಬಹುದು ಮೇಸ್ತ್ರಿ. ಆದ್ರೆ ಮುಂದೆ ನಿಜ ಹೇಳಿ, ಎರಡು ನಿಮಿಷದಲ್ಲಿ ಹಿಂದೆ ಸುಳ್ಳು ಹೇಳೋಷ್ಟು ಜಾಣೆಯಲ್ಲ. ಹಿಂದೆ ಮೂವತ್ತೊಂಬತ್ತು ಕಿಲೊ ಇದೆ. ಈಗ ಎಲ್ಲರೂ ಹೇಳಿ: ಈ ಸೀಮೆಯಲ್ಲಿ ಮೂವತ್ತೊಂಬತ್ತು ಕಿಲೊ ತೂಗೋದು ಯಾವುದು?"

ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಕೂಸೂ ಆ ಊರಲ್ಲಿ ಹುಟ್ಟಿರಲಿಲ್ಲ. ಮೇಸ್ತ್ರಿ ತನ್ನ ಕೆಲಸಗಾರರ ಕಡೆ ನೋಡಿದ. ಕೆಲಸಗಾರರು ಮೇಸ್ತ್ರಿಯ ಕಡೆ ನೋಡಿದರು. ಆಮೇಲೆ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

ಜೆಲಿಂದೊ ಅಪ್ಪನ ಸುತ್ತಿಗೆ ತೆಗೆದ. ಡಿಕ್ಕಿಯ ಬಾಗಿಲು ಎತ್ತಿ, ಒಳಗಿನ ಅಲ್ಯೂಮಿನಿಯಂ ತಗಡಿನ ಮೇಲೆ ಟಕ್, ಟಕ್, ಟಕ್ ಎಂದು ತಟ್ಟುತ್ತಾ ಹೋದ. ಎಲ್ಲ ಕಡೆ ಡಬ್ಬದ ಸದ್ದು. ಎಡಮೂಲೆಯಲ್ಲಿ ಮಾತ್ರ ಧಪ್. ಅವನು ಕಿವಿ ತಗ್ಗಿಸಿ ಇನ್ನೊಮ್ಮೆ ತಟ್ಟಿದ. ಮುಖ ಅರಳಿತು.

"ಎರಡು ವರ್ಷ ಹಣ್ಣಾದದ್ದು," ಎಂದ. "ಬಿರುಕಿಲ್ಲ. ಒಳ್ಳೇ ಮಾಲು."

ತಿರುಪು ಬಿಚ್ಚಿ ತಗಡು ಎತ್ತಿದರು. ಕೆಳಗೆ ಕಂಬಳಿಯೊಳಗೆ, ಬಂಗಾರದ ಬಣ್ಣದ ಒಂದು ಇಡೀ ಚೀಸಿನ ಗಾಲಿ.

ನಡೆದದ್ದು ಇಷ್ಟು. ಚಳಿಗಾಲದಲ್ಲಿ ಕಾರನ್ನು ಓಡಿಸಿ ನೋಡುವಾಗ ಪ್ರಯಾಣಿಕರ ಪೆಟ್ಟಿಗೆಯ ಬದಲಿಗೆ ಭಾರ ಬೇಕಿತ್ತು. ಮರಳುಚೀಲ ಸೋರುತ್ತದೆ, ಕಬ್ಬಿಣ ಬಣ್ಣ ಕೆರೆಯುತ್ತದೆ. ಆ ಸೀಮೆಯವರು ಇಡುವುದು ಚೀಸನ್ನೇ. ಪರೀಕ್ಷೆ ಮುಗಿದ ದಿನ ಅದೇ ಊಟ. ಅಷ್ಟರಲ್ಲಿ ಡಿಕ್ಕಿಗೆ ಹೊಸ ತಗಡು ಬಂತು. ಚೀಸು ತೆಗೆದಿರಬಹುದು ಎಂದು ಒಬ್ಬ ಕಂಬಳಿಯ ಮೇಲೆಯೇ ತಗಡು ಬಿಗಿದ. ಮೇಸ್ತ್ರಿ ಒಬ್ಬನೇ ಮನೆಗೆ ಒಯ್ದು ತಿಂದ ಎಂದು ಕೆಲಸಗಾರರು, ತನ್ನನ್ನು ಬಿಟ್ಟು ಕೆಲಸಗಾರರೇ ತಿಂದರು ಎಂದು ಮೇಸ್ತ್ರಿ, ನಾಲ್ಕು ತಿಂಗಳು ಒಳಗೊಳಗೇ ಮುನಿಸಿಕೊಂಡು ಕೂತಿದ್ದರು. ಬಾಯಿಬಿಟ್ಟು ಕೇಳುವುದಂತೂ ಸಾಧ್ಯವೇ ಇಲ್ಲ. ಅಲ್ಲಿ ಒಬ್ಬನನ್ನು ಕೊಲೆಗಾರ ಎನ್ನಬಹುದು, ಚೀಸು ಬಚ್ಚಿಟ್ಟು ತಿಂದವ ಎನ್ನುವ ಹಾಗಿಲ್ಲ. ಚೀಸಾದರೋ ತಗಡಿನ ಕೆಳಗೆ ಸುಮ್ಮನಿರದೆ, ಪ್ರತಿ ತಿರುವಿಗೂ ಈ ಬದಿಯಿಂದ ಆ ಬದಿಗೆ ಉರುಳಿ ಕಾರಿನ ಬಾಲ ಒದೆಯುತ್ತಿತ್ತು.

ಮೇಸ್ತ್ರಿ ಬಗ್ಗಿ ಚೀಸನ್ನು ನೋಡಿದ. ಟೋಪಿ ತೆಗೆದ. ಅದು ಚೀಸಿಗೋ ಜೆಲಿಂದೊನಿಗೋ ಗೊತ್ತಾಗಲಿಲ್ಲ.

"ಇನ್ನೊಂದು ಸಲ ತೂಗಪ್ಪಾ ಕ್ವಿಂಟಾಲ್."

ಎಂಟುನೂರ ನಲವತ್ತು. ಮುದ್ರೆ ಬಿತ್ತು. ಆ ಚೀಟಿಯನ್ನು ಮೇಸ್ತ್ರಿ ಮಡಚಿ ಎದೆಯ ಜೇಬಿಗೆ ಇಟ್ಟುಕೊಂಡ.

"ಲೆಯಾರ್ಕೊ, ಬೈಕು ತಗೊಂಡು ಬಾ, ಸೇತುವೆ ಹತ್ರ," ಎಂದ. "ಕ್ವಿಂಟಾಲ್, ನನ್ನ ಪಕ್ಕ ಹತ್ತು."

ಜೀವಮಾನದಲ್ಲಿ ಸೈಕಲ್ಲಿಗಿಂತ ಜೋರಾದದ್ದನ್ನು ಜೆಲಿಂದೊ ಹತ್ತಿದವನಲ್ಲ. ಕ್ಷೌರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಲೇ ಮೇಸ್ತ್ರಿ! ಮೂವತ್ತೊಂಬತ್ತು ಇಳಿಸಿ ಐವತ್ತೆರಡು ಹತ್ತಿಸ್ಕೊಂಡ್ರಾ?"

"ನಾನು ಉರುಳೋದಿಲ್ಲವಲ್ಲ," ಎಂದು ಜೆಲಿಂದೊ ಬಾಗಿಲು ಎಳೆದುಕೊಂಡ.

ಆ ಹದಿನಾಲ್ಕು ತಿರುವನ್ನು ಕಾರು ಹತ್ತಿತೋ, ಗುಡ್ಡವೇ ಕೆಳಗೆ ಜಾರಿತೋ, ನೋಡಿದವರಿಗೆ ಇವತ್ತಿಗೂ ಗೊತ್ತಿಲ್ಲ. ಬಾಲ ಒಮ್ಮೆಯೂ ಅಲ್ಲಾಡಲಿಲ್ಲ. ಕ್ಷೌರಿಕ ಗುಡಿ ಮುಟ್ಟುವಷ್ಟರಲ್ಲಿ ಮೇಸ್ತ್ರಿ ಎಂಜಿನ್ ಆರಿಸಿ, ಸಂತ ರೊಕ್ಕೊನಿಗೆ ಹಚ್ಚಿದ ಮೇಣದಬತ್ತಿ ಅರ್ಧ ಉರಿದಿತ್ತು.

ಸೋಮವಾರದ ಸಭೆಯಲ್ಲಿ ತಕ್ಕಡಿಯ ಮಾತು ಬಂದಾಗ ಎರ್ಮೆತೆ ಮೇಸ್ತ್ರಿ ಎದ್ದು ನಿಂತು, "ಅದನ್ನ ಕೀಳೋರು ಮೊದಲು ಅದರ ಮೇಲೆ ನಿಂತು ತಮ್ಮ ತೂಕ ನೋಡ್ಕೊಳ್ಳಲಿ," ಎಂದು ಕೂತುಬಿಟ್ಟ. ಅಲ್ಲಿಂದ ಮುಂದೆ ಅವನ ಕಾರ್ಖಾನೆಯ ಯಾವ ಕಾರೂ ಜೆಲಿಂದೊನ ಮುದ್ರೆಯಿಲ್ಲದೆ ಊರು ಬಿಡಲಿಲ್ಲ.

ಆದರೆ ಅದು ಸೋಮವಾರದ ಮಾತು. ಶನಿವಾರ ಗುಡ್ಡದಿಂದ ಇಳಿದು ಬಂದಾಗ ಚೌಕದಲ್ಲಿ ಇವೋನೆ ಚೀಸು ಒಡೆದು ಎಲ್ಲರಿಗೂ ಹಂಚುತ್ತಿದ್ದಳು. ನಾಲ್ಕು ತಿಂಗಳು ಗಂಟೆಗೆ ಇನ್ನೂರು ಕಿಲೊಮೀಟರಿನಲ್ಲಿ ತಿರುಗಿದ ಚೀಸು. ಅಂಥ ರುಚಿ ಮೊದಲೂ ಇಲ್ಲ, ಆಮೇಲೂ ಇಲ್ಲ ಎನ್ನುತ್ತಾರೆ. ಜೆಲಿಂದೊ ಕಾರಿನಿಂದ ಇಳಿದ. ಟೋಪಿ ಇರಲಿಲ್ಲ, ಕೂದಲು ಹಿಂದಕ್ಕೆ ನಿಂತಿತ್ತು, ಬಾಯಿ ಅರ್ಧ ತೆರೆದಿತ್ತು. ಇವೋನೆ ಅವನ ತೋಳು ಹಿಡಿದು ಹಲಗೆಯ ಮೇಲೆ ನಿಲ್ಲಿಸಿ, ತಾನೇ ಒಳಗೆ ಹೋಗಿ ಗುಂಡು ಸರಿಸಿದಳು.

"ಐವತ್ತು! ಲೋ ಕ್ವಿಂಟಾಲ್, ಎರಡು ಕಿಲೊ ಎಲ್ಲಿ ಹೋಯ್ತೋ?"

"ನಾಲ್ಕನೇ ತಿರುವಲ್ಲಿ ಬಿಟ್ಟು ಬಂದೆ," ಎಂದ ಜೆಲಿಂದೊ. ಉಸಿರು ಎಳೆದುಕೊಂಡು, ಕಾರಿನ ಬಿಸಿ ಬೆನ್ನಿನ ಮೇಲೆ ಕೈಯಿಟ್ಟ. "ಬರಿ ಇವೋನೆ, ಐವತ್ತು ಅಂತಲೇ ಬರಿ. ಮುದ್ರೆ ಒತ್ತೋದು ಮರೀಬೇಡ."