ಮಟಕಿಯವನ ಹಗಲು ನಿದ್ದೆ

ನಮ್ಮ ಕಡೆ ಸಮುದ್ರ ಕಂಡವರು ಆಗ ಬೆರಳೆಣಿಕೆಯಷ್ಟು. ಕಂಡವರೂ ಯಾತ್ರೆಗೆ ಹೋದಾಗ ದಂಡೆಯಲ್ಲಿ ನಿಂತು, ನಾಲ್ಕು ಹನಿ ತಲೆಗೆ ಚಿಮುಕಿಸಿಕೊಂಡು ತಿರುಗಿ ಬಂದವರೇ. ಬೆನ್ನಿಗೆ ಚೀಲ ಏರಿಸಿಕೊಂಡು, ಯಾವ ಹರಕೆಯೂ ಇಲ್ಲದೆ, ಮರಳಿನ ಮೇಲೆ ಬಿದ್ದುಕೊಳ್ಳುವುದಕ್ಕೆಂದೇ ನಲವತ್ತು ದಿನ ತಿರುಗಿದವರು ನಾವಿಬ್ಬರೇ ಎಂದು ನಾನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಬೇರೆ ಯಾರಾದರೂ ಇದ್ದರೆ ಮುಂದೆ ಬರಲಿ. ನಾನು ಭೀಮಾ ದಂಡೆಯ ಮಣ್ಣೂರಿನವನು, ಗೆಳೆಯ ಆಳಂದ ತಾಲ್ಲೂಕಿನ ಮಟಕಿಯವನು. ಆಳಂದದ ಹೈಸ್ಕೂಲಿನಲ್ಲಿ ನಮ್ಮದು ಒಂದೇ ಬೆಂಚು, ಒಂದೇ ಬಾಡಿಗೆ ಖೋಲಿ.

ಹತ್ತನೆಯ ಇಯತ್ತೆಯಲ್ಲಿದ್ದಾಗ ಅವನ ಅಪ್ಪ ಹೊಲದಲ್ಲೇ ತೀರಿಕೊಂಡ. ಅವನು ಪಾಟಿಚೀಲ ಮೂಲೆಗಿಟ್ಟು ನೇಗಿಲು ಹಿಡಿದ. ಹನ್ನೊಂದು ವರ್ಷ ದುಡಿದು ಇಬ್ಬರು ತಂಗಿಯರ ಮದುವೆ ಮಾಡಿದ. ಅಷ್ಟರಲ್ಲಿ ನಾನು ಬಿ.ಎಡ್. ಮುಗಿಸಿ, ಮಾಸ್ತರಿಕೆಯ ಆರ್ಡರ್ ಯಾವಾಗ ಬಂದೀತು ಎಂದು ಮಣ್ಣೂರಿನ ಕಟ್ಟೆಯ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ಆ ವರ್ಷ ಬಿಳಿಜೋಳದ ರಾಶಿ ಮುಗಿದ ಮೇಲೆ ಮಟಕಿಗೆ ಹೋದಾಗ ಅವನ ತಾಯಿ ನನ್ನನ್ನು ಹಿತ್ತಲಿಗೆ ಕರೆದಳು.

“ಯಪ್ಪಾ, ಇಂವನ್ನ ಎಲ್ಲಿಗರ ಕರ್ಕೊಂಡ್ ಹೋಗು. ಅವರಪ್ಪ ಹೋದಾಗಿಂದ ಇಂವ ಹಗಲ ಹೊತ್ತು ಕಣ್ಣ ಮುಚ್ಚಿದ್ದು ನಾ ನೋಡಿಲ್ಲ. ಜ್ವರ ಬಂದ್ರೂ ಕುಂತೇ ಇರ್ತಾನ. ಒಂದ್ ಮಧ್ಯಾಹ್ನ ಮಲಗಿಸ್ಕೊಂಡ್ ಬಾ, ಸಾಕು.”

“ಅಷ್ಟೇ ಏನವ್ವಾ? ನಲವತ್ತ ದಿನಾನೂ ಮಲಗಿಸ್ತೇನಿ ತಗೋ” ಅಂದೆ. ನನ್ನ ಬಾಯಿ ಮೊದಲಿಂದಲೂ ದೊಡ್ಡದು.

ಆಳಂದದ ದರ್ಜಿಯೊಬ್ಬನ ಹತ್ತಿರ ದಪ್ಪ ಬಟ್ಟೆಯಲ್ಲಿ ಎರಡು ಬೆನ್ನುಚೀಲ ಹೊಲಿಸಿದೆವು. ಅವ್ವ ಅವನ ಚೀಲದ ತುಂಬ ಕಡಕ್ ರೊಟ್ಟಿ ಇಟ್ಟಳು, ಒಂದು ಡಬ್ಬಿ ಖಾರಪುಡಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ ಇಟ್ಟಳು. ಎತ್ತುಗಳನ್ನು ಸಣ್ಣ ತಂಗಿಯ ಗಂಡನಿಗೆ ಒಪ್ಪಿಸಿ, ಅವುಗಳ ಬೆನ್ನು ಸವರಿ, ಒಲ್ಲದ ಮನಸ್ಸಿನಿಂದ ಅವನು ಬಸ್ಸು ಹತ್ತಿದ. ವಿಜಾಪುರ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಕಾರವಾರ ಮುಟ್ಟಿದೆವು. ನಮ್ಮಲ್ಲಿ ಕಡಕ್ ರೊಟ್ಟಿ ತಿಂಗಳು ಇಟ್ಟರೂ ಮುರಿದರೆ ಟಕ್ಕೆನ್ನಬೇಕು. ಕಡಲ ಗಾಳಿಗೆ ಅದು ಮೂರೇ ದಿನದಲ್ಲಿ ತೊಯ್ದ ಚಪ್ಪಲಿಯಂತಾಯಿತು, ನಾಲ್ಕನೆಯ ದಿನ ಬೂಸು ಹಿಡಿಯಿತು. ನಮ್ಮ ನೆಲದ ಬುದ್ಧಿ ಆ ನೆಲದಲ್ಲಿ ನಡೆಯುವುದಿಲ್ಲ ಎಂದು ನಾವು ಕಲಿತ ಮೊದಲ ಪಾಠ ಅದು.

ನಾನಂತೂ ಸುಖಪಟ್ಟೆ. ಸುಳ್ಳೇಕೆ? ಭೀಮೆಯಲ್ಲಿ ಈಜಿ ಬೆಳೆದ ಮೈ, ಬೆಳಿಗ್ಗೆ ಎದ್ದವನೇ ತೆರೆಗಳ ಮೇಲೆ ಬೀಳುತ್ತಿದ್ದೆ. ಮೈಯೆಲ್ಲ ಉಪ್ಪಾಗಿ ಬಂದು ಗಾಳಿಮರದ ನೆರಳಲ್ಲಿ ಅಂಗಾತ ಮಲಗಿ, ಒಂದು ಎಳನೀರು ಕುಡಿದು, ಮತ್ತೆ ಮಲಗುತ್ತಿದ್ದೆ. ಮಗ್ಗುಲಲ್ಲಿ ನೋಡಿದರೆ ಅವನಿಲ್ಲ! ಒಂದು ಊರಿನಲ್ಲಿ ಚಹಾದಂಗಡಿಯ ಮುದುಕಿಗೆ ನೀರು ಸೇದಿ ಕೊಡುತ್ತಿದ್ದ. ಇನ್ನೊಂದು ಊರಿನಲ್ಲಿ ಯಾರದೋ ತೋಟದ ಬಿದ್ದ ಬೇಲಿ ಕಟ್ಟುತ್ತಿದ್ದ. ಕೆಲಸವೇ ಸಿಗದ ದಿನ ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು, ಮರಳಿನಲ್ಲಿ ಬೆರಳಿನಿಂದ ಸಾಲು ಹೊಡೆಯುತ್ತಿದ್ದ. ಸಮುದ್ರದ ಮುಂದೆ ಕುಳಿತು ಹೊಲ ಉಳುವವನಿಗೆ ಏನು ಹೇಳುವುದು?

ಹೀಗೆ ಎರಡು ವಾರ ತಡೆದೆ. ಅಂಕೋಲೆ ದಾಟಿದ ಮೇಲೆ ಒಂದು ಸಣ್ಣ ಮೀನುಗಾರರ ಊರಿನ ದಂಡೆಯಲ್ಲಿ ನನ್ನ ಪಿತ್ತ ನೆತ್ತಿಗೇರಿತು. ಉರಿಬಿಸಿಲಲ್ಲಿ ಅವನು ಯಾರದೋ ಗುಡಿಸಲಿನ ಗರಿ ಸರಿಪಡಿಸುತ್ತಿದ್ದ.

“ಇಳೀ ಲೇ ಕೆಳಗ! ಮಟಕ್ಯಾಗ ಗೇಯ್ದದ್ದು ಸಾಲಲಿಲ್ಲೇನು? ಮಂದಿ ಮಲಗಂಗಿಲ್ಲೇನು ಹಗಲ? ಮಲಗಿದ್ರ ನಿನ್ನ ಗಂಟೇನ್ ಹೋಗ್ತದ?”

ಅವನು ಇಳಿದು ಬಂದ. ಬೆವರು ಒರೆಸಿಕೊಂಡು ನನ್ನ ಎದುರಿಗೆ ಕುಳಿತ. ಸಿಟ್ಟು ಮಾಡಲಿಲ್ಲ.

“ನಮ್ಮಪ್ಪ ಅವತ್ತ ಬುತ್ತಿ ಉಂಡು ಬೇವಿನ ಗಿಡದ ಬುಡಕ ಮಲಗಿದ್ನೋ. ದಣದಾನ, ಮಲಗಲಿ ಅಂತ ನಾ ಎಬ್ಬಿಸಲಿಲ್ಲ. ಹೊತ್ತ ಮುಣಗೂತನ ನಾ ಒಬ್ನೇ ಹೊಲದಾಗಿನ ಸದಿ ಕಸಾ ಕಿತ್ತೆ. ಅಪ್ಪನ ಪಾಲಿಂದು ನಾನೇ ಮಾಡೀನಿ ಅಂತ ಹೇಳಿ ಶಭಾಶ್ ಅನಸ್ಕೊಬೇಕಂತ ಹೋಗಿ ಕೈ ಹಿಡದ್ರ, ತಣ್ಣಗ ಆಗಿತ್ತು.”

ಅಪ್ಪ ಹೊಲದಲ್ಲಿ ಸತ್ತದ್ದು ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಹನ್ನೊಂದು ವರ್ಷ ಅವನು ಯಾರಿಗೂ ಹೇಳಿರಲಿಲ್ಲ, ಹೆತ್ತವ್ವನಿಗೂ. ಮಲಗು ಎಂದು ನನ್ನ ದೊಡ್ಡ ಬಾಯಿ ಆಮೇಲೆ ಒಂದು ಸಲವೂ ಹೇಳಲಿಲ್ಲ. ಅವ್ವನಿಗೆ ಕೊಟ್ಟ ಮಾತು ಮುಳುಗಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅದೇ ದಂಡೆಯಲ್ಲಿ ದೊಡ್ಡ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧ ಸುತ್ತು ಹರಡಿದ ಬಲೆ. ಅದರ ಎರಡು ತುದಿಯ ಹಗ್ಗಗಳನ್ನು ಊರಿಗೆ ಊರೇ ದಂಡೆಯಲ್ಲಿ ನಿಂತು ಎಳೆಯುತ್ತದೆ. ಒಂದು ಬದಿಗೆ ಕೈ ಕಡಿಮೆಯಿದ್ದವು. ನಾನು ನೋಡುತ್ತಿದ್ದಂತೆ ಅವನು ಎದ್ದು ಹೋದ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಸರಿಸಿಕೊಂಡು ಹಗ್ಗ ಹಿಡಿದ. ಅವನ ಬೆನ್ನಿಗೆ ನಾನೂ ಹಿಡಿದೆ.

ಎಂಥ ಎಳೆತ ಅದು! ಮರಳಿನಲ್ಲಿ ಹಿಮ್ಮಡಿ ಊರಿ, ಸೊಂಟ ಹಿಂದಕ್ಕೆ ಕೊಟ್ಟು, ಒಂದೇ ಲಯದಲ್ಲಿ ಎಳೆಯುತ್ತಿದ್ದ. ಬಾವಿ ನೀರು ಸೇದಿ, ಹೂತ ಬಂಡಿಯನ್ನು ಎರೆಮಣ್ಣಿನಿಂದ ಎತ್ತಿದ ತೋಳು. ಅರ್ಧ ತಾಸಿನಲ್ಲಿ ಅಲ್ಲಿಯ ಹಿರಿಯರೇ ಅವನನ್ನು ಮುಂದಿನ ಜಾಗಕ್ಕೆ ಕರೆದು ನಿಲ್ಲಿಸಿದರು. ನೀರಿನ ಮಕ್ಕಳು ನೀರು ಕಾಣದ ಮಟಕಿಯವನ ಹಿಂದೆ ನಿಂತು ಎಳೆಯುತ್ತಿದ್ದರು. ನನ್ನ ಅಂಗೈಗೆ ಬೊಬ್ಬೆ ಬಂದಿತ್ತು, ಎದೆ ಮಾತ್ರ ಎರಡು ಗೇಣು ಉಬ್ಬಿತ್ತು. ನನ್ನ ಮುಂದಿನವನು ಕೇಳದಿದ್ದರೂ ಅವನಿಗೆ ಹೇಳಿದೆ, “ನಮ್ಮೂರ ಕಡೆಯಂವ ರೀ ಅಂವ!”

ಬಲೆ ದಂಡೆಗೆ ಬಂತು. ಬಿಚ್ಚಿದರೆ ಒಳಗೆಲ್ಲ ಮೀನು, ಬೆಳ್ಳಗೆ ಥಳಥಳ, ಪಟಪಟ ಬಡಿದುಕೊಳ್ಳುತ್ತಿದ್ದವು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಜೀವಮಾನದಲ್ಲಿ ಮೀನು ಮುಟ್ಟದ ಶರಣರ ಮನೆಯವರು ನಾವು! ಹಗ್ಗ ಕಂಡರೆ ಎಳೆಯುವ ಮಂದಿ. ಆ ತುದಿಗೆ ಏನಿದೆ ಎಂದು ಯೋಚಿಸಿರಲೇ ಇಲ್ಲ.

ಪಾಲು ಹಾಕುತ್ತಿದ್ದ ಒಬ್ಬ ಹಿರಿಯ ಹೆಂಗಸು ನಮ್ಮ ಮುಂದೆಯೂ ಎರಡು ಗುಡ್ಡೆ ಹಾಕಿದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ನಮ್ಮ ಹಣೆಗೆ ಬಂದದ್ದು ಮೀನು.

“ನಾವ್ ತಿನ್ನಂಗಿಲ್ರೀ ಅವ್ವಾ” ಅಂದೆ ನಾನು.

ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು, ಹಗ್ಗ ಹಿಡಿದವರಿಗೆ ಪಾಲು ಕೊಡದೆ ಕಳಿಸಿದರೆ ಬಲೆಗೆ ಒಳ್ಳೆಯದಲ್ಲ ಎಂದಳು ಅವಳು. ನಾನು ಇನ್ನೂ ತಡವರಿಸುತ್ತಿದ್ದೆ. ಅಷ್ಟರಲ್ಲಿ ಗೆಳೆಯ ಹೆಗಲ ಟವೆಲು ಹಾಸಿ, ಎರಡೂ ಗುಡ್ಡೆಯನ್ನು ಅದರಲ್ಲಿ ಹಾಕಿಸಿಕೊಂಡ. ನಾನು ಕಣ್ಣು ಕಣ್ಣು ಬಿಟ್ಟೆ.

“ನಮ್ಮ ಕಣಕ್ಕ ಆಯಾ ಇಸಕೊಳ್ಳಾಕ ಬಂದ ಬಡಿಗ್ಯಾ, ಕುಂಬಾರಾ, ನಿಮ್ಮ ಜ್ವಾಳ ಬ್ಯಾಡ ಅಂದ್ರ ನಮಗ ಹೆಂಗಾಗ್ತದಲೇ? ಪಾಲು ಅಂದ್ರ ಪಾಲು” ಅಂದ.

ರಾಶಿಯ ದಿನ, ವರ್ಷವಿಡೀ ದುಡಿದವರಿಗೆಲ್ಲ ಅವರ ಆಯದ ಜೋಳ ಅಳೆದು ಕೊಟ್ಟ ಕೈ ಅದು, ತೆಗೆದುಕೊಳ್ಳುವುದೂ ಅದಕ್ಕೆ ಗೊತ್ತಿತ್ತು. ಓದಿದವನು ನಾನು, ತಿಳಿದವನು ಅವನು. ಆ ಟವೆಲು ಹೊತ್ತು ಅವನು ನೇರ ಆ ಹೆಂಗಸಿನ ಗುಡಿಸಲಿಗೇ ಹೋಗಿ, “ಇದು ನಮ್ಮ ಕಡಿಂದ ನಿಮ್ಮ ಮನಿಗಿ ರೀ” ಎಂದು ಇಳಿಸಿದ. ಅವಳು ನಕ್ಕಳು. ಆಮೇಲೆ ಅಟ್ಟದಿಂದ ಹೊಸ ಗಡಿಗೆ ಇಳಿಸಿ, ನಮಗೆಂದೇ ಬೇರೆಯಾಗಿ ಗಂಜಿ ಬೇಯಿಸಿ, ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟಳು. ನಾವು ಶೇಂಗಾ ಹಿಂಡಿಯ ಡಬ್ಬಿ ತೆರೆದೆವು. ಅವಳು ಒಂದು ಚಿಟಿಕೆ ಬಾಯಿಗಿಟ್ಟುಕೊಂಡು ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಸಿಕೊಂಡಳು, ಆದರೂ ಇನ್ನೊಂದು ಚಿಟಿಕೆ ಕೇಳಿದಳು.

ಉಂಡು ಬಂದು ದಂಡೆಯ ಮೇಲೆಳೆದಿಟ್ಟ ದೋಣಿಯೊಂದರ ಮರೆಗೆ ಕುಳಿತೆವು. ಅವನು ಬೆನ್ನು ಆನಿಸಿ ಆ ಬಲೆಯ ಗಂಟುಗಳ ಬಗ್ಗೆ ಏನೋ ಹೇಳುತ್ತಿದ್ದ. ಮಾತು ನಿಧಾನವಾಯಿತು. ನಾನು ಹೂಂ ಅಂದೆ. ಅತ್ತಲಿಂದ ಮಾತಿಲ್ಲ. ತಿರುಗಿ ನೋಡಿದರೆ ಅವನು ಮರಳಿನ ಮೇಲೆ ಜಾರಿ, ಕೈಯನ್ನು ತಲೆಯಡಿ ಇಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು, ಮಲಗಿಬಿಟ್ಟಿದ್ದ. ನೆತ್ತಿಯ ಮೇಲೆ ಹಗಲು ಸುಡುತ್ತಿತ್ತು.

ಕೂಗಿ ಊರಿಗೆಲ್ಲ ಹೇಳಬೇಕು ಅನ್ನಿಸಿತು. ಮಟಕಿಗೆ ತಂತಿ ಕೊಡೋಣ ಅನ್ನಿಸಿತು! ಮರುಕ್ಷಣ ಅವನಪ್ಪನ ನೆನಪಾಯಿತು. ಅವನು ಅಷ್ಟು ಅಲುಗದೆ ಮಲಗಿದ್ದ. ಬಗ್ಗಿ ಮೂಗಿನ ಹತ್ತಿರ ಬೆರಳು ಹಿಡಿದೆ. ಬೆಚ್ಚಗೆ ತಾಕಿತು. ಅಂಗಿಯ ಗುಂಡಿ ಏರುವುದು, ಇಳಿಯುವುದು ನೋಡುತ್ತ ಕುಳಿತೆ. ನೆರಳು ಸರಿದು ಅವನ ಮುಖಕ್ಕೆ ಬಿಸಿಲು ಬಿತ್ತು. ನಾನು ಎದ್ದು ಆ ಕಡೆ ಕುಳಿತು ಬಿಸಿಲಿಗೆ ಬೆನ್ನು ಕೊಟ್ಟೆ. ಅದು ಸರಿದಂತೆ ನಾನೂ ಸರಿದೆ. ಸಮುದ್ರ ಎದುರಿಗಿದ್ದರೂ ನೋಡಲಿಲ್ಲ. ಬೆನ್ನು ಸುಟ್ಟು ವಾರದ ನಂತರ ಸಿಪ್ಪೆ ಎದ್ದಿತು. ಅಂಥ ಹೆಮ್ಮೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ, ಮುಂದೆ ಮಾಸ್ತರನಾದ ಮೇಲೂ ಮಾಡಲಿಲ್ಲ.

ಹೊತ್ತು ಇಳಿಯುವ ಹೊತ್ತಿಗೆ ಅವನು ಬೆಚ್ಚಿ ಎದ್ದು ಕುಳಿತ. ಕಣ್ಣಲ್ಲಿ ಗಾಬರಿ. ಬಿಸಿಲು ಎಲ್ಲಿಗೆ ಬಂದಿದೆ ಎಂದು ನೋಡಿದ, ನನ್ನನ್ನು ನೋಡಿದ.

“ಎಷ್ಟ ಹೊತ್ತಾತೋ? ಎಬ್ಬಸಬಾರದೇನಲೇ?”

“ಯಾಕ ಎಬ್ಬಸಲಿ? ಉಸಿರ ನೋಡ್ಕೊಂತ ಇಲ್ಲೇ ಕುಂತಿದ್ದೆ.”

ಅವನ ಕಣ್ಣು ತುಂಬಿದವು, ಒರೆಸಿಕೊಳ್ಳಲಿಲ್ಲ. ಆಮೇಲೆ ಟವೆಲು ಜಾಡಿಸಿ, ಮಡಚಿ, ತಲೆದಿಂಬು ಮಾಡಿಕೊಂಡ.

“ಹಂಗಾದ್ರ ಇನ್ನೊಂದ್ ಸ್ವಲ್ಪ ಕುಂದ್ರು” ಎಂದು ಹೇಳಿ, ಮಗ್ಗುಲಾಗಿ ಮತ್ತೆ ಮಲಗಿಕೊಂಡ.