ಪ್ರಾರ್ಥನಾ ಪುಟದಲ್ಲಿ ಬಂದ ಹೆಸರು

ನಮ್ಮ ಚರ್ಚಿನ ವೆಬ್‌ಸೈಟನ್ನು ಹೊಸದಾಗಿ ಮಾಡಿಸುತ್ತಿದ್ದಾರೆ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ನಮ್ಮನ್ನೆಲ್ಲ ಕೂರಿಸಿಕೊಂಡು, ಅದರಲ್ಲಿ ಏನೇನು ಇರಬೇಕು ಹೇಳಿ ಎಂದರು. ಹುಡುಗರು ಆರಾಧನೆ ನೇರವಾಗಿ ಕಾಣಲಿ ಎಂದರು. ವಯಸ್ಸಾದವರಿಗೆ ಹಾಡಿನ ಅಕ್ಷರ ದೊಡ್ಡದಾಗಬೇಕಿತ್ತು. ಭಂಕೂರಿನಿಂದ ಬರುವ ಒಬ್ಬರು, ಯಾವ ವಾರ ಯಾರ ಮನೆಯಲ್ಲಿ ಪ್ರಾರ್ಥನಾ ಕೂಟ ಎಂಬುದನ್ನು ಮೊದಲೇ ಹಾಕಿ, ಬಂದು ಬೀಗ ನೋಡಿ ವಾಪಸು ಹೋಗಿ ಸಾಕಾಗಿದೆ ಎಂದು ಗೊಣಗಿದರು. ನಾನು ಕೇಳಿದ್ದು ಒಂದೇ. ಪ್ರಾರ್ಥನಾ ವಿನಂತಿ ಬರೆಯುವ ಕಡೆ 'ಪಾಸ್ಟರ್‌ಗೆ ಮಾತ್ರ' ಎಂದು ಒತ್ತಲು ಒಂದು ಜಾಗ ಇರಲಿ. ಪಾಸ್ಟರ್ ಯಾಕೆ ಎಂದು ಕೇಳದೆ ಬರೆದುಕೊಂಡರು.

ಹಳೆಯ ವೆಬ್‌ಸೈಟು ಶುರುವಾದಾಗ ನಾನು ವಾಡಿಯಲ್ಲಿ ಅಕ್ಕನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಡಗಿದ್ದೆ. ಅಡಗಿದ್ದೆ ಎಂದೇ ಬರೆಯುತ್ತೇನೆ, ನಾಲ್ಕು ದಿನ ಇರಲು ಹೋಗಿದ್ದೆ ಎಂದು ಸುತ್ತಿ ಬಳಸಿ ಹೇಳುವುದು ನನ್ನಿಂದಾಗದು. ಸೇಡಂನಲ್ಲಿ ನನ್ನ ಗಂಡ ಮಂದಿಯ ಮುಂದೆ ಬೆಣ್ಣೆಯಂಥ ಮನುಷ್ಯ. ಮನೆಯ ಬಾಗಿಲು ಹಾಕಿದ ಮೇಲೆ ಬೇರೆಯವನು. ಒಂದು ಸಂಜೆ ಅವನು ನನ್ನ ಅಂಗೈಯನ್ನು ಕಾದ ಹಂಚಿನ ಮೇಲೆ ಒತ್ತಿ ಹಿಡಿದ. ಮರುದಿನ ಅವನು ಕೆಲಸಕ್ಕೆ ಹೋದದ್ದೇ ನಾನು ರೈಲು ಹತ್ತಿದೆ. ಕೇಳಿದವರಿಗೆಲ್ಲ ರೊಟ್ಟಿ ಮಾಡುವಾಗ ಸುಟ್ಟಿತು ಅಂದೆ. ಭಾವನಿಗೆ ವಾಡಿಗೆ ವರ್ಗವಾದದ್ದು ಆಗಷ್ಟೇ, ಗಂಡನಿಗೆ ಅದು ಗೊತ್ತಿರಲಿಲ್ಲ. ಅವನು ಶಹಾಬಾದಿಗೆ ಹೋಗಿ ನನ್ನ ಅವ್ವನನ್ನು ಕೇಳಿದ. ನನಗೇನೂ ಗೊತ್ತಿಲ್ಲ ಎಂದು ಅವ್ವ ಅವನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದಳು.

ಅಂಥ ಅವ್ವನೇ ವೆಬ್‌ಸೈಟಿನಲ್ಲಿ ನನ್ನ ಸಲುವಾಗಿ ವಿನಂತಿ ಬರೆದಳು. ನಮ್ಮಲ್ಲಿ ಭಾನುವಾರ ಒಬ್ಬೊಬ್ಬರೇ ಎದ್ದು ನಿಂತು, ಹೆಸರು, ಊರು, ಓಣಿ, ಆಸ್ಪತ್ರೆಯಾದರೆ ಯಾವ ವಾರ್ಡು, ಯಾವ ಮಂಚ ಎಲ್ಲ ಹೇಳಿಯೇ ಪ್ರಾರ್ಥನೆ ಕೇಳುವುದು ಪದ್ಧತಿ. ಅರ್ಧಂಬರ್ಧ ಹೇಳಿದರೆ ಹಿಂದಿನ ಸಾಲಿನಿಂದ ಯಾರಾದರೂ ಪೂರ್ತಿ ಹೇಳ್ರಿ ಅನ್ನುತ್ತಾರೆ. ಅವ್ವ ಪೂರ್ತಿಯೇ ಬರೆದಿದ್ದಳು. ನನ್ನ ಹೆಸರು, ಅಕ್ಕನ ಕ್ವಾರ್ಟರ್ ನಂಬರು, ಎದುರಿಗೆ ನೀರಿನ ಟಾಕಿ. ಗಂಡನಿಗೆ ಗೊತ್ತಾಗದ ಹಾಗೆ ದೇವರು ಮಗಳನ್ನು ಕಾಯಲಿ ಎಂದೂ ಕೊನೆಗೆ ಸೇರಿಸಿದ್ದಳು. ಸುತ್ತಲಿನ ಊರುಗಳ ಚರ್ಚುಗಳಿಗೆಲ್ಲ ಅದೊಂದೇ ವೆಬ್‌ಸೈಟು, ಸೇಡಂಗೂ ಅದೇ.

ಮಧ್ಯಾಹ್ನ ಅಕ್ಕನ ಮೊಬೈಲಿನಲ್ಲಿ ಅದನ್ನು ನೋಡಿದೆ. ಅವ್ವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ.

"ಊರು, ಮನಿ ಹೇಳಲಾರ್ದೆ ಮಂದಿ ಯಾರ ಸಲುವಾಗಿ ಪ್ರಾರ್ಥನಾ ಮಾಡಬೇಕವ್ವ?" ಅಂದಳು ಅವ್ವ. ಆಮೇಲೆ ಅವಳಿಗೂ ತಿಳಿಯಿತು.

ಬರೆದದ್ದನ್ನು ಅಳಿಸಲು ಪಾಸ್ಟರೇ ಬೇಕು. ಅವರು ಚಿಂಚೋಳಿ ಕಡೆ ಮನೆಮನೆ ಭೇಟಿಗೆ ಹೋಗಿದ್ದರು, ಫೋನು ಹತ್ತಲಿಲ್ಲ. ಪುಟದಲ್ಲಿ ಪ್ರತಿ ವಿನಂತಿಯ ಕೆಳಗೂ 'ನಾನು ಪ್ರಾರ್ಥಿಸಿದೆ' ಎಂಬ ಗುಂಡಿ ಇತ್ತು. ಒತ್ತಿದವರ ಹೆಸರು ಕೆಳಗೆ ಮೂಡುತ್ತಿತ್ತು. ನಾನು ಆ ಹೆಸರುಗಳನ್ನು ನೋಡುತ್ತಾ ಕೂತೆ. ಚಿಕ್ಕಮ್ಮನ ಹೆಸರು ಬಂತು, ಚಿತ್ತಾಪುರದ ಟೀಚರಮ್ಮನದು ಬಂತು, ಗುರುತಿಲ್ಲದ ಯಾರದೋ ಬಂತು. ಆಮೇಲೆ ನನ್ನ ಗಂಡನ ಹೆಸರು ಬಂತು.

ಅವನು ಬೈದು ಬರೆದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಪ್ರಾರ್ಥಿಸಿದೆ ಎಂದು ಒತ್ತಿದ್ದ. ನೋಡಿದೆ, ಬರುತ್ತಿದ್ದೇನೆ ಎಂದು ನನಗೊಬ್ಬಳಿಗೇ ಹೇಳಿದ್ದ. ಅಕ್ಕ ಬಾಗಿಲಿಗೆ ಚಿಲಕ ಹಾಕಿದಳು. ಭಾವ ಡ್ಯೂಟಿಯಲ್ಲಿದ್ದರು. ಬೇರೆ ಕಡೆ ಹೋಗೋಣವೆಂದರೆ ಸ್ಟೇಷನ್ನಿನ ದಾರಿಯಲ್ಲೇ ಎದುರಾದರೆ ಎಂಬ ಭಯ. ಸೇಡಂ ಗಾಡಿ ಬರುವ ಚಿತ್ತಾಪುರದ ಕಡೆಯಿಂದ ಸದ್ದು ಕೇಳಿದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿ ಗೋಡೆಗೆ ಆತು ನಿಲ್ಲುತ್ತಿದ್ದೆ. ವಾಡಿಯಲ್ಲಿ ಗಾಡಿಗಳಿಗೇನು ಬರವೇ?

ಹೊತ್ತು ಇಳಿಯುವಾಗ ಬಾಗಿಲು ಬಡಿದರು. ಹೊರಗಿನಿಂದ ಹೆಂಗಸರ ದನಿ ಬಂತು. ಪುಟದಲ್ಲಿ ವಿಳಾಸ ಓದಿದ ವಾಡಿಯ ಮಹಿಳಾ ಸಂಘದವರು ಪ್ರಾರ್ಥನೆಗೆಂದು ಮನೆಗೇ ಬಂದಿದ್ದರು. ನಮ್ಮವರಿಗೆ ಗುಂಡಿ ಒತ್ತಿದರೆ ಸಮಾಧಾನವಿಲ್ಲ. ಅಕ್ಕ ಚಿಲಕ ತೆಗೆದಳು. ಹೆಂಗಸರ ಹಿಂದೆ, ಕೈ ಮುಗಿದುಕೊಂಡು, ಅವನೂ ಒಳಗೆ ಬಂದ.

ಹೆಂಡತಿಯ ಕ್ಷಮೆ ಕೇಳಬೇಕು ಎಂದು ದಾರಿಯಲ್ಲೇ ಅವರ ಜೊತೆಗೂಡಿದ್ದನಂತೆ; ಅವರು ಅವನಿಗೆ ಕುರ್ಚಿ ಕೊಟ್ಟರು. ಅವನು ಬೇಡವೆಂದು ನೆಲದ ಮೇಲೆ ಕೂತು ಅತ್ತ. ಗಂಡಸು ಅತ್ತರೆ ಹೆಂಗಸರ ಮನಸ್ಸು ಕರಗಲು ಎಷ್ಟು ಹೊತ್ತು? ಸಂಘದ ಹಿರಿಯರು ಒಬ್ಬ ನಿವೃತ್ತ ನರ್ಸಮ್ಮ. ಅವರು ನನ್ನ ತಲೆ ಸವರಿ, ದೇವರೇ ಕರೆದುಕೊಂಡು ಬಂದಿದ್ದಾನೆ, ಇವತ್ತೇ ಇವನ ಕೂಡ ಮನೆಗೆ ಹೋಗವ್ವ ಎಂದರು. ಉಳಿದವರು ತಲೆಯಾಡಿಸಿದರು. ಅವನು ಮುಖ ಒರೆಸಿಕೊಂಡು ನನ್ನ ಕಡೆ ನೋಡಿದ. ಆ ನೋಟ ನನಗೆ ಗೊತ್ತಿತ್ತು. ಅಷ್ಟು ಮಂದಿಯ ನಡುವೆ ಅವನು ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಾನೆ, ಇವರೆಲ್ಲ ಹಾಡು ಹೇಳಿ ಕಳಿಸಿಕೊಡುತ್ತಾರೆ ಅನ್ನಿಸಿತು.

ಹಾಡಾಯಿತು. ಪದ್ಧತಿಯಂತೆ ಒಬ್ಬೊಬ್ಬರೇ ತಮ್ಮ ವಿನಂತಿ ಹೇಳುತ್ತಾ ಬಂದರು, ಒಬ್ಬರದು ಮೊಣಕಾಲು ನೋವು, ಒಬ್ಬರದು ಮಗಳ ಪರೀಕ್ಷೆ. ನನ್ನ ಸರದಿ ಬಂತು. ನನ್ನ ದನಿ ನನಗೇ ಕೇಳದಷ್ಟು ಸಣ್ಣದಿತ್ತು. ಹಿಂದಿನಿಂದ ಯಾರೋ, ಪೂರ್ತಿ ಹೇಳವ್ವ ಎಂದರು.

"ಈ ಮನುಷ್ಯ ನನ್ನ ಕೈ ಕಾದ ಹಂಚಿನ ಮ್ಯಾಲೆ ಒತ್ತಿ ಹಿಡಿದಾನ," ಅಂದೆ. "ರೊಟ್ಟಿ ಮಾಡುವಾಗ ಸುಟ್ಟಿದ್ದಲ್ಲ. ನಾ ಇವನ ಕೂಡ ಹೋದ್ರ ಉಳಿಯಂಗಿಲ್ಲ. ಅದರ ಸಲುವಾಗಿ ಪ್ರಾರ್ಥನಾ ಮಾಡ್ರಿ."

ಯಾರೂ ಕಣ್ಣು ಮುಚ್ಚಲಿಲ್ಲ. ನರ್ಸಮ್ಮ ನನ್ನ ಕೈ ತೆಗೆದುಕೊಂಡು ಅಂಗೈ ತಿರುಗಿಸಿ ನೋಡಿದರು. ಸುಟ್ಟ ಗಾಯಗಳನ್ನು ಜನ್ಮವಿಡೀ ಕಟ್ಟಿದವರು, ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಏಳಪ್ಪ," ಅಂದರು ಅವನಿಗೆ. "ಸೇಡಂ ಗಾಡಿ ಟೈಮ್ ಆಗ್ಯಾದ."

ಅವನು ಏನೋ ಹೇಳಲು ಬಾಯಿ ತೆರೆದ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು, ಅವನು ಹೊರಗೆ ಹೋದ. ನರ್ಸಮ್ಮ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಇನ್ನು ಯಾರದು ಉಳಿದಿದೆ ಹೇಳಿ ಎಂದರು.