ಬೈದರೆ ಸಕ್ಕರೆ

ಮೊದಲು ಸಡಿಲವಾದದ್ದು ನನ್ನ ಚಡ್ಡಿಯ ಲಾಡಿ. ಅದನ್ನು ನಾವಿಬ್ಬರೂ ಒಳ್ಳೆಯ ಲಕ್ಷಣವೆಂದೇ ತಿಳಿದೆವು.

ಇಬ್ಬರೆಂದರೆ, ಹುಮನಾಬಾದಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು ಮತ್ತು ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಖಾಜಾ ಭಾಯಿ. ಬಸವಕಲ್ಯಾಣದ ತರುಣರ ಸಂಘದವರು ಪ್ರತಿ ವರ್ಷ ತಮ್ಮ ಊರೊಳಗೆ ರಸ್ತೆ ಓಟ ನಡೆಸುತ್ತಿದ್ದರು. ಅದು ಜೋಡಿ ಓಟ. ಒಬ್ಬ ಎಷ್ಟು ಬೇಗ ಬಂದರೂ ಜೊತೆಗಾರ ಗೆರೆ ದಾಟುವವರೆಗೆ ಲೆಕ್ಕಕ್ಕಿಲ್ಲ. ಅದಕ್ಕಾಗಿ ನಸುಕಿನಲ್ಲಿ ರಾಜೇಶ್ವರದ ಕಡೆಗೆ, ಸೊಲ್ಲಾಪುರದ ಲಾರಿಗಳಿಗೆ ದಾರಿ ಬಿಡುತ್ತ, ಕ್ಯಾನ್ವಾಸ್ ಬೂಟು ಹಾಕಿಕೊಂಡು ಓಡುತ್ತಿದ್ದೆವು.

ನನಗೆ ಬಾಯಾರಿಕೆ ಹೆಚ್ಚಿತು. ದಾರಿಯಲ್ಲಿ ಬಾವಿ ಕಂಡಲ್ಲೆಲ್ಲ ನಿಲ್ಲತೊಡಗಿದೆ.

"ಸ್ವಲ್ಪ ಉಳಿಸ್ರಿ ಮಾಸ್ತರ," ಎಂದು ಖಾಜಾ ಭಾಯಿ ನಗುತ್ತಿದ್ದರು. "ಎತ್ತುಗೋಳು ಬಂದು ಏನ್ ಕುಡೀಬೇಕು?"

ಮನೆಯಲ್ಲಿ ಹೆಂಡತಿ ಮಹಾದೇವಿ ಬಚ್ಚಲ ಮೂಲೆಯ ಇರುವೆ ಸಾಲು ತೋರಿಸಿದಳು. ತೊಳೆದರೂ ಮತ್ತೆ ಬರುತ್ತಿದ್ದವು. ನಾನು ಅದಕ್ಕೂ ನಕ್ಕೆ. ತರಗತಿಯಲ್ಲಿ ಬೋರ್ಡಿನ ಮುಂದೆ ನಿಲ್ಲಲಾರದೆ ಮೇಜು ಹಿಡಿದುಕೊಂಡ ದಿನ ಡಾಕ್ಟರ ಬಳಿ ಹೋದೆ. ಅವರು ಯೂರಿನ್ ಟೆಸ್ಟ್ ಮಾಡಿದರು. ಟ್ಯೂಬಿನಲ್ಲಿದ್ದ ನೀಲಿ ದ್ರವ ದೀಪದ ಉರಿಗೆ ಕಾಯುತ್ತಲೇ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು.

"ಡಯಾಬಿಟಿಸ್. ಇನ್ಸುಲಿನ್ ತಗೋಬೇಕಾಗ್ತದ."

"ಎಷ್ಟು ದಿವಸ ಸರ್?"

"ಇರೋತನಕ."

ಗುಲಬರ್ಗಾದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಬಂದೆ. ಆ ವರ್ಷದ ಓಟ ನಮ್ಮನ್ನು ಬಿಟ್ಟು ನಡೆಯಿತು. ಮಹಾದೇವಿ ಬದನೆಕಾಯಿಗೆ ಚುಚ್ಚಿ ಚುಚ್ಚಿ ಇಂಜೆಕ್ಷನ್ ಕೊಡುವುದನ್ನು ಕಲಿತಳು. ಬೆಳಿಗ್ಗೆ ಒಲೆಯ ಮೇಲೆ ಚಹಾಕ್ಕಿಂತ ಮೊದಲು ಗಾಜಿನ ಸಿರಿಂಜ್ ಕುದಿಯುತ್ತಿತ್ತು. ಇನ್ಸುಲಿನ್ ಬಾಟಲಿ ಒದ್ದೆ ಉಸುಕು ತುಂಬಿದ ಮಣ್ಣಿನ ಗಡಿಗೆಯಲ್ಲಿ ತಣ್ಣಗಿರುತ್ತಿತ್ತು. ಮನೆಯಲ್ಲಿ ಯಾರೂ ದನಿ ಎತ್ತದೆ, ಯಾರೂ ಅಳದೆ, ಹೊಸ ಸಂಸಾರವೊಂದು ಹಳೆಯ ಸಂಸಾರದೊಳಗೆ ಬಂದು ಕೂತಿತು.

ಖಾಜಾ ಭಾಯಿ ನನ್ನ ಕಾವಲಿಗೆ ನಿಂತರು. ಹೋಟೆಲಿಗೆ ಹೋದರೆ ಒಳಗೆ ಕಾಲಿಡುವ ಮೊದಲೇ "ಮಾಸ್ತರಗ ಸಕ್ರಿ ಇಲ್ಲದ್ದು" ಎಂದು ಕೂಗುವರು. ಮದುವೆಯ ಊಟದಲ್ಲಿ ನನ್ನ ಎಲೆಯ ಹೋಳಿಗೆ ಅವರ ಎಲೆಗೆ ಹೋಗುತ್ತಿತ್ತು.

"ನಿಮ್ಮ ಸಲುವಾಗಿ ತಿನ್ನಾಕತ್ತೇನಿ, ರುಚಿಗಲ್ಲ," ಎನ್ನುವರು.

ಮೈಗೆ ಶಕ್ತಿ ಬಂದ ಮೇಲೆ ಮುಂದಿನ ವರ್ಷದ ಓಟಕ್ಕೆಂದು ಮತ್ತೆ ರಸ್ತೆಗಿಳಿದೆವು. ಡಾಕ್ಟರು ಒಪ್ಪಿದ್ದರು. ಹೊಟ್ಟೆಗೆ ತಿಂದೇ ಓಡಬೇಕು ಎಂದಿದ್ದರು. ಆ ಬೆಳಿಗ್ಗೆ ಇಂಜೆಕ್ಷನ್ ತೆಗೆದುಕೊಂಡೆ. ಊಟ ಸೇರಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಎದ್ದೆ.

ರಾಜೇಶ್ವರ ದೂರದಲ್ಲಿ ಕಾಣತೊಡಗಿದಾಗ ತಣ್ಣನೆಯ ಬೆವರು ಬಂತು. ಇಲ್ಲಿಂದ ಮುಂದಿನದು ನನಗೆ ನೆನಪಿಲ್ಲ. ಖಾಜಾ ಭಾಯಿ ಆಮೇಲೆ ಹೇಳಿದ್ದು. ಎಂದೂ ಬಹುವಚನ ಬಿಡದ ನಾನು ಅವರನ್ನು ಲೇ ಎಂದೆನಂತೆ. ಅವರ ಅಂಗಡಿಯನ್ನು, ಅವರ ಓಟವನ್ನು, ಅವರ ಮನೆತನವನ್ನು ಬೈದೆನಂತೆ. ನಂತರ ರಸ್ತೆಯ ಪಕ್ಕ ಕುಸಿದೆ. ಕೈಕಾಲು ಅದುರುತ್ತಿದ್ದವು. ಮೂರ್ಛೆ ರೋಗ ಎಂದುಕೊಂಡು ಯಾರೋ ಕೈಯಲ್ಲಿ ಕಬ್ಬಿಣದ ಕೀಲಿ ಇಟ್ಟರು, ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ರಸ್ತೆ ಬದಿಯ ಹೋಟೆಲಿನ ಮುದುಕನೊಬ್ಬ ಗ್ಲಾಸಿನಲ್ಲಿ ಶರಬತ್ತು ತಂದು ಬಾಯಿಗಿಡಲು ಬಗ್ಗಿದ.

ಖಾಜಾ ಭಾಯಿ ಆ ಗ್ಲಾಸನ್ನು ತಳ್ಳಿಬಿಟ್ಟರು.

"ಕೊಡಬ್ಯಾಡ್ರಿ! ಇವರಿಗಿ ಶುಗರ್ ಅದ. ಸಕ್ರಿ ಕೊಟ್ರ ಸಾಯ್ತಾರ!"

ಲಾರಿಯೊಂದು ನಿಂತು ನಮ್ಮನ್ನು ಹುಮನಾಬಾದಿಗೆ ತಂದಿತು. ಡಾಕ್ಟರು ನರಕ್ಕೆ ಗ್ಲುಕೋಸ್ ಕೊಟ್ಟರು. ಕಣ್ಣು ತೆರೆದಾಗ ಮಹಾದೇವಿ ನನ್ನ ಪಾದ ಹಿಡಿದು ನಿಂತಿದ್ದಳು. ಖಾಜಾ ಭಾಯಿಯ ಅಂಗಿಯ ತುಂಬ ಶರಬತ್ತಿನ ಕಲೆ. ಡಾಕ್ಟರು ಸಿಟ್ಟಾಗಲಿಲ್ಲ. ಇಂಜೆಕ್ಷನ್ ಸಕ್ಕರೆಯನ್ನು ಇಳಿಸುತ್ತದೆ, ಓಟವೂ ಇಳಿಸುತ್ತದೆ, ತೀರ ಇಳಿದಾಗ ಮನುಷ್ಯ ಎಚ್ಚರವಿಲ್ಲದೆ ಬೈಯುವುದೂ ಉಂಟು, ಆಗ ಸಕ್ಕರೆಯೇ ಔಷಧ ಎಂದು ನಿಧಾನವಾಗಿ ತಿಳಿಸಿದರು. ನನಗೂ ಈ ಮಾತನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಖಾಜಾ ಭಾಯಿ ಕೇಳಿಸಿಕೊಂಡು ಹೊರಗೆ ಹೋದರು. ಆಮೇಲೆ ಬರಲಿಲ್ಲ.

ಒಂದು ವಾರ ಕಾದು ನಾನೂ ಮಹಾದೇವಿಯೂ ಅವರ ಅಂಗಡಿಗೆ ಹೋದೆವು. ಅವರು ಬಟ್ಟೆಯ ಥಾನು ಬಿಚ್ಚುತ್ತ, ಸುತ್ತುತ್ತ ಕೂತಿದ್ದರು.

"ಆ ಓಟ ಬಿಡ್ರಿ ಮಾಸ್ತರ. ನನ್ನ ಕೈಲಿಂದಲೇ ಹೋಗ್ತಿದ್ರಿ. ನನಗ ಏನೂ ತಿಳಿಯಂಗಿಲ್ಲ."

ಒಬ್ಬನೇ ಓಡುವ ಧೈರ್ಯ ನನಗಿರಲಿಲ್ಲ. ಅವರಿಲ್ಲದೆ ಆ ರಸ್ತೆಗೆ ಮತ್ತೆ ಹೋಗಲಾರೆ ಎಂಬುದು ಅಲ್ಲಿ ನಿಂತಾಗಲೇ ತಿಳಿಯಿತು.

ಮಹಾದೇವಿ ಮಾತಾಡಿದಳು.

"ತಿಳಿಯೋದೇನದ ಭಾಯಿ? ಇವರು ಸುಮ್ನ ಯಾರಿಗೂ ಬೈಯಂಗಿಲ್ಲ. ಬೈದ್ರ ಸಕ್ರಿ ಕೊಡ್ರಿ. ಅಷ್ಟೇ."

"ಖರೇನೇ ಸಿಟ್ಟು ಬಂದಿದ್ರ, ವೈನಿ?"

"ಬಂದಿರ್ಲಿ. ಸಕ್ರಿ ತಿಂದು ಮತ್ತ ಬೈತಾರ."

ಅಂದಿನಿಂದ ಖಾಜಾ ಭಾಯಿ ಮೊದಲ ಸಲ ನಕ್ಕರು. ಆದರೆ ನನ್ನ ಕಡೆ ತಿರುಗಿ ಕೇಳಿದರು: "ನಾ ಕೊಟ್ಟಾಗ ವಾದ ಮಾಡಬಾರದು. ಒಪ್ಪಿಗಿ ಅದೇನ್ರಿ?"

ಒಪ್ಪಿದೆ. ಒಪ್ಪುವುದು ಅಂಗಡಿಯಲ್ಲಿ ಸುಲಭ.

ಓಟದ ದಿನ ಬಸವಕಲ್ಯಾಣದ ಕೋಟೆಯ ಮುಂದೆ ಬಿಸಿಲು ಇನ್ನೂ ಎಳೆಯದಿತ್ತು. ಕೋಟೆಯಿಂದ ಬಜಾರಿನೊಳಗೆ ಹಾಯ್ದು, ಬಸ್ ನಿಲ್ದಾಣ ಸುತ್ತಿ, ಮತ್ತೆ ಕೋಟೆಗೆ. ನಾನು ಚೆನ್ನಾಗಿ ತಿಂದಿದ್ದೆ. ಬಸ್ ನಿಲ್ದಾಣ ಸುತ್ತಿದಾಗ ನಮ್ಮ ಮುಂದೆ ಎರಡೇ ಜೋಡಿಗಳಿದ್ದವು. ನನ್ನ ಕಾಲು ಹಗುರವಾಗಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಮೈ ನನ್ನದೇ ಅನ್ನಿಸಿತ್ತು.

ಬಜಾರಿನಲ್ಲಿ ಯಾರೋ ಅಂಗಡಿಯ ಕಟ್ಟೆಯಿಂದ ಸಲಾಂ ಎಂದರು. ಖಾಜಾ ಭಾಯಿ ಓಡುತ್ತಲೇ ಕೈ ಎತ್ತಿದರು.

"ಲೇ ಖಾಜಾ, ಓಡಾಕ ಬಂದಿಯೋ ಗಿರಾಕಿ ಹಿಡಿಯಾಕ ಬಂದಿಯೋ?" ನನ್ನ ಬಾಯಿಂದ ಬಂತು.

ಅವರು ನಿಂತುಬಿಟ್ಟರು. ನನ್ನ ತೋಳು ಹಿಡಿದು, ಕಿಸೆಯಿಂದ ಕಾಗದದ ಪೊಟ್ಟಣ ತೆಗೆದರು.

"ನನಗೇನೂ ಆಗಿಲ್ಲ!" ಎಂದು ಕೂಗಿದೆ.

"ಬಾಯಿ ತೆಗೀರಿ ಮಾಸ್ತರ."

ಒಂದು ಜೋಡಿ ನಮ್ಮನ್ನು ದಾಟಿತು. ಹಿಂದೆಯೇ ಇನ್ನೊಂದು. ಕಟ್ಟೆಯ ಮೇಲಿನವನೊಬ್ಬ, "ಸಕ್ರಿ ತಿನ್ನಾಕ ಹುಮನಾಬಾದಿಂದ ಇಲ್ಲೀತನ ಓಡಿ ಬಂದೀರೇನ್ರಿ?" ಎಂದ. ಸುತ್ತಲಿದ್ದವರು ನಕ್ಕರು. ಖಾಜಾ ಭಾಯಿ ಅತ್ತ ನೋಡಲಿಲ್ಲ. ಪೊಟ್ಟಣ ಹಿಡಿದ ಕೈಯನ್ನು ನನ್ನ ಬಾಯಿಯ ಹತ್ತಿರ ತಂದರು. ಅಂದು ಶರಬತ್ತಿನ ಗ್ಲಾಸನ್ನು ತಳ್ಳಿದ್ದು ಅದೇ ಕೈ.

ನಾನು ಬಾಯಿ ತೆರೆದೆ.

ಆಗ ಸಕ್ಕರೆ ನಿಜವಾಗಿ ಇಳಿದಿತ್ತೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಬಜಾರಿನ ನಡುವೆ ನಿಂತು ರಕ್ತವನ್ನು ನೋಡುವ ಉಪಾಯ ಇರಲಿಲ್ಲ. ಚೆನ್ನಾಗಿದ್ದೇನೆ ಎಂಬ ನನ್ನ ಮಾತನ್ನು ನಾನೇ ನಂಬುವಂತಿಲ್ಲ ಎಂಬುದು, ಈ ಕಾಯಿಲೆ ನನಗೆ ಕಲಿಸಿದ ಪಾಠಗಳಲ್ಲಿ ಎಲ್ಲಕ್ಕಿಂತ ಕಹಿಯಾದದ್ದು. ಅದನ್ನು ನಾನು ಸಕ್ಕರೆಯ ಜೊತೆಗೇ ನುಂಗಿದೆ. ಬಾಯಲ್ಲಿ ಕರಗುವವರೆಗೆ ಅವರು ತೋಳು ಬಿಡಲಿಲ್ಲ. ಆಮೇಲೆ ನಿಧಾನವಾಗಿ ಓಡಿದೆವು. ಕೋಟೆಯ ಹತ್ತಿರ ಬಂದಾಗ ಬಹುಮಾನದ ಮೇಜಿನ ಸುತ್ತ ಜನ ಸೇರಿದ್ದರು. ನಮ್ಮ ಕಡೆ ಯಾರೂ ತಿರುಗಲಿಲ್ಲ. ಗೆರೆಯನ್ನು ಜೊತೆಯಾಗಿ ದಾಟಿದೆವು.

ಓಟ ಮುಗಿದು ಹದಿನೈದು ದಿನವಾಗಿದೆ. ನಿನ್ನೆ ಮನೆಯಲ್ಲಿ ನನಗೆ ಸಿಟ್ಟು ಬಂತು. ನನ್ನನ್ನು ಕೇಳದೆ ಮಹಾದೇವಿ ಶಾಲೆಗೆ ಹೋಗಿ, ಹೆಡ್‌ಮಾಸ್ತರಿಗೆ ಹೇಳಿ, ನನ್ನ ಮಧ್ಯಾಹ್ನದ ಪಾಠಗಳನ್ನು ಕಡಿಮೆ ಮಾಡಿಸಿದ್ದಳು. ದನಿ ಎತ್ತಿದೆ. ಅವಳು ಒಳಗೆ ಹೋಗಿ ಅಂಗೈಯಲ್ಲಿ ಬೆಲ್ಲ ಹಿಡಿದು ಬಂದಳು.

"ಇದು ಖರೇ ಸಿಟ್ಟು," ಎಂದೆ.

"ಇರ್ಲಿ. ಮೊದಲು ತಿನ್ರಿ."

ತಿಂದೆ. ಗೋಡೆಗೆ ಒರಗಿ ಕೂತು ಕಾದೆ. ಅವಳೂ ಎದುರಿಗೆ ಕೂತು ಕಾದಳು. ಬೆಲ್ಲ ಕರಗಿತು, ಸಿಟ್ಟು ಕರಗಲಿಲ್ಲ. ಹಾಗಾದರೆ ಅದು ಕಾಯಿಲೆಯದಲ್ಲ, ನನ್ನದೇ.

"ಈಗ ಹೇಳ್ರಿ," ಎಂದಳು.

ಹೇಳಿದೆ. ಅವಳು ಕೇಳಿಸಿಕೊಂಡಳು.